ಹದಿಮೂರು ಮನೆಯ ಆಮೆ

ಹಾಜರಿ ಕರೆಯುತ್ತಿದ್ದಾಗ ಕಡೆಯ ಸಾಲಿನಿಂದ ‘ಬುಸ್’ ಎಂಬ ಸದ್ದು ಕೇಳಿಸಿತು. ಹಾವಿನ ಸದ್ದಿಗೂ ಅದಕ್ಕೂ ವ್ಯತ್ಯಾಸವೇ ತಿಳಿಯದಂತಿದ್ದುದರಿಂದ ಮಕ್ಕಳೆಲ್ಲ ಒಮ್ಮೆಲೇ ಎದ್ದು ಬಾಗಿಲ ಕಡೆಗೆ ಸರಿದರು. ಬೆಟ್ಟದ ಬುಡದಲ್ಲಿರುವ ನಮ್ಮ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗೆ ಹಾವು ಬರುವುದು ಅಪರೂಪವೇನಲ್ಲ. ಅಡುಗೆ ಕೋಣೆಯ ಹಿಂದಿನ ಕಲ್ಲುಗುಡ್ಡೆಯಲ್ಲಿ ಕೇರೆಹಾವನ್ನು ನಾವೆಲ್ಲ ಎಷ್ಟೋ ಸಲ ಕಂಡಿದ್ದೇವೆ. ಆದರೆ ಈ ಸದ್ದು ಬಂದದ್ದು ಒಬ್ಬ ಹುಡುಗನ ಬ್ಯಾಗಿನ ಒಳಗಿನಿಂದ. ಅವನೊಬ್ಬನೇ ಕುಳಿತಲ್ಲಿಂದ ಏಳಲಿಲ್ಲ. ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು, ಅದರ ಬಾಯನ್ನು ಎರಡೂ ಕೈಗಳಿಂದ ಅವುಚಿ ಹಿಡಿದು, ನನ್ನ ಮುಖ ನೋಡದೆ, “ಹಾವಲ್ಲ ಮಿಸ್, ನಮ್ಮ ತಾಬೇಲು” ಎಂದ.

ಕೋಲಾರ ಜಿಲ್ಲೆಯ ಗಡಿಯಂಚಿನ ಊರದು. ಮಕ್ಕಳು ಮನೆಯಲ್ಲಿ ತೆಲುಗು ಆಡುತ್ತಾರೆ, ಶಾಲೆಯಲ್ಲಿ ಕನ್ನಡ ಓದುತ್ತಾರೆ. ಭಯವಾದಾಗಲೂ ಖುಷಿಯಾದಾಗಲೂ ಮನೆಯ ಮಾತೇ ಮೊದಲು ನಾಲಿಗೆಗೆ ಬರುತ್ತದೆ. ತಾಬೇಲು ಎಂದರೆ ಆಮೆ. 2023ರ ಜುಲೈ ತಿಂಗಳು. ಪುನರ್ವಸು ಮಳೆ ಎರಡು ಹದ ಬಿದ್ದು, ಬೆಟ್ಟದ ಇಳಿಜಾರಿನಲ್ಲಿ ಹುಲ್ಲು ಆಗತಾನೇ ಚಿಗುರಿತ್ತು. ಹುಡುಗ ಆರನೆಯ ತರಗತಿಯವನು. ತರಗತಿಯಲ್ಲಿ ಹೆಚ್ಚು ಮಾತನಾಡದವನು, ಓದಿಸಿದರೆ ತಡವರಿಸುವವನು, ವಾರಕ್ಕೊಂದು ದಿನವಾದರೂ ಅಜ್ಜಿಯ ಜೊತೆ ಕುರಿ ಹಿಂದೆ ಹೋಗಿ ಗೈರುಹಾಜರಾಗುವವನು. ಅಂಥವನು ಆ ದಿನ ಎಲ್ಲರಿಗಿಂತ ಮೊದಲೇ ಬಂದು ಕುಳಿತಿದ್ದನ್ನು ನಾನು ಗಮನಿಸಿದ್ದೆನಾದರೂ ಕಾರಣ ಕೇಳಿರಲಿಲ್ಲ.

ಹೊರಗೆ ತೆಗೆ ಎಂದೆ. ತೆಗೆದು ನನ್ನ ಮೇಜಿನ ಮೇಲಿಟ್ಟ. ನಾಲ್ಕು ಕಾಲುಗಳನ್ನೂ ತಲೆಯನ್ನೂ ಒಳಗೆ ಎಳೆದುಕೊಂಡು ಕಲ್ಲಿನಂತೆ ಕುಳಿತಿದ್ದ ಅದರ ಬೆನ್ನನ್ನು ನೋಡಿದ ಮೇಲೆ ನನಗೂ ಕ್ಷಣಕಾಲ ಮಾತು ಹೊರಡಲಿಲ್ಲ. ಕಪ್ಪು ನೆಲದ ಮೇಲೆ ಅರಿಸಿನದ ಬಣ್ಣದ ಗೆರೆಗಳು. ಒಂದೊಂದು ಫಲಕವೂ ನಡುವೆ ಉಬ್ಬಿ ಪುಟ್ಟ ಗುಡ್ಡದಂತಿತ್ತು. ಆ ಗುಡ್ಡದ ನೆತ್ತಿಯಲ್ಲಿ ಒಂದು ಹಳದಿ ಚುಕ್ಕೆ, ಆ ಚುಕ್ಕೆಯಿಂದ ಸುತ್ತಲೂ ಇಳಿದುಬಂದ ಕಿರಣಗಳು. ಮನೆಯಂಗಳದಲ್ಲಿ ರಂಗೋಲಿ ಹಾಕುವವರು ಒಂದು ಚುಕ್ಕೆಯಿಂದ ಗೆರೆಗಳನ್ನು ಹೊರಗೆಳೆದರೆ ಹೇಗಿರುತ್ತದೋ ಹಾಗೆ. ನಕ್ಷತ್ರ ಆಮೆ ಎಂಬ ಹೆಸರನ್ನು ಪತ್ರಿಕೆಗಳಲ್ಲಿ ಓದಿದ್ದೆ. ಅದೇ ತಾಲ್ಲೂಕಿನಲ್ಲಿ ಹತ್ತೊಂಬತ್ತು ವರ್ಷ ಪಾಠ ಮಾಡಿಯೂ ಕಣ್ಣಾರೆ ಕಂಡದ್ದು ಅದೇ ಮೊದಲು.

“ಹದಿಮೂರು ಮನೆ ಇದಾವೆ ಮಿಸ್, ದೊಡ್ಡವು. ಸುತ್ತ ಇರೋ ಚಿಕ್ಕವು ಬೇರೆ” ಎಂದು ಹುಡುಗ ಹೇಳಿದ. ಬೆನ್ನಿನ ಫಲಕಗಳಿಗೆ ಅವನು ಮನೆ ಎಂದು ಹೆಸರಿಟ್ಟಿದ್ದ. ನಾನು ಎಣಿಸಿದೆ. ನಡುವೆ ಐದು, ಎರಡು ಪಕ್ಕಗಳಲ್ಲಿ ನಾಲ್ಕು ನಾಲ್ಕು; ಸರಿಯಾಗಿ ಹದಿಮೂರು. ಒಂದೊಂದು ಮನೆಯಲ್ಲಿ ಎಷ್ಟು ಗೆರೆ ಇವೆಯೆಂಬುದನ್ನೂ ಅವನು ಎಣಿಸಿಟ್ಟಿದ್ದ, ಆದರೆ ಬರೆದಿಟ್ಟಿರಲಿಲ್ಲ, ಬಾಯಲ್ಲೇ ಹೇಳಿದ. ಮಗ್ಗಿ ಕೇಳಿದರೆ ಏಳರ ಆಚೆಗೆ ಹೋಗದ ಹುಡುಗ ಅವನು.

ಅದು ಅವನ ಮನೆಗೆ ಬಂದು ಒಂಬತ್ತು ದಿನವಾಗಿತ್ತು. ಬೆಟ್ಟದ ಹಿಂಬದಿಯ ಗೋಮಾಳದಲ್ಲಿ ಕುರಿ ಬಿಟ್ಟುಕೊಂಡು ಕುಳಿತಿದ್ದಾಗ, ಬಂಡೆಯೊಂದರ ಮಗ್ಗುಲಲ್ಲಿ ಪಾಪಾಸುಕಳ್ಳಿಯ ಬಿದ್ದ ಹಣ್ಣನ್ನು ಅದು ತಿನ್ನುತ್ತಿದ್ದುದನ್ನು ಕಂಡನಂತೆ. ಬಾಯೆಲ್ಲ ಕೆಂಪಾಗಿದ್ದುದರಿಂದ ಮೊದಲು ಗಾಯವಾಗಿದೆ ಎಂದುಕೊಂಡು ಎತ್ತಿಕೊಂಡನಂತೆ. ಗಾಯವಲ್ಲ, ಹಣ್ಣಿನ ರಸ ಎಂದು ಗೊತ್ತಾದ ಮೇಲೆ ಕೆಳಗಿಡಲು ಮನಸ್ಸು ಬರಲಿಲ್ಲ. ಅಜ್ಜಿಯ ಸೀರೆಯ ಸೆರಗಿನಲ್ಲಿ ಸುತ್ತಿಕೊಂಡು ಮನೆಗೆ ತಂದ. ಆಮೆ ನೀರಿನ ಪ್ರಾಣಿ ಎಂದುಕೊಂಡು ಅವನ ಅಕ್ಕ ಅದನ್ನು ಬಟ್ಟೆ ಒಗೆಯುವ ಟಬ್ಬಿಗೆ ನೀರು ತುಂಬಿಸಿ ಬಿಟ್ಟಳು. ಅದು ಮುಳುಗತೊಡಗಿದಾಗ ಇವನೇ ಕೈ ಹಾಕಿ ತೆಗೆದ. ಈ ಮಾತನ್ನು ಹೇಳುವಾಗ ಅವನ ದನಿ ಸಣ್ಣದಾಯಿತು.

ಮುಳುಗಲೇಬೇಕಿತ್ತು. ಕೆರೆ, ಹೊಳೆಗಳ ಆಮೆ ಬೇರೆ, ಇದು ಬೇರೆ. ಇದರ ಕಾಲುಗಳಲ್ಲಿ ಈಜುವ ಜಾಲಪೊರೆಯಿಲ್ಲ. ಆನೆಯ ಕಾಲಿನ ಹಾಗೆ ಗಿಡ್ಡನೆಯ, ಒರಟಾದ ಕಂಬಗಳವು. ಕುರುಚಲು ಕಾಡು, ಒಣ ಹುಲ್ಲುಗಾವಲು, ಬಂಡೆಗಳ ಸಂದು ಇವೇ ಅದರ ನೆಲೆ. ಬಿಸಿಲಿನ ದಿನಗಳಲ್ಲಿ ಮುಂಜಾನೆ ಒಂದಿಷ್ಟು ಹೊತ್ತು, ಸಂಜೆ ಒಂದಿಷ್ಟು ಹೊತ್ತು ಮಾತ್ರ ಹೊರಗೆ ಬರುತ್ತದೆ. ಮಳೆಗಾಲದಲ್ಲಿ ಹೆಚ್ಚು ಓಡಾಡುತ್ತದೆ. ಹುಲ್ಲು, ಸೊಪ್ಪು, ಬಿದ್ದ ಹೂವು, ಕಳ್ಳಿಯ ಹಣ್ಣು ತಿಂದು ಬದುಕುತ್ತದೆ. ಬಾಯಲ್ಲಿ ಹಲ್ಲಿಲ್ಲ, ಕೊಕ್ಕಿನಂಥ ಗಟ್ಟಿ ಅಂಚಿನಿಂದ ಕತ್ತರಿಸಿ ನುಂಗುತ್ತದೆ. ಮನೆಗಳಲ್ಲಿ ಸಾಕುವವರು ಪ್ರೀತಿಯಿಂದಲೇ ಅನ್ನ, ಹಾಲು, ಬಿಸ್ಕತ್ತು ತಿನ್ನಿಸುತ್ತಾರೆ. ಅದರಿಂದ ಚಿಪ್ಪು ಸೊಟ್ಟಗಾಗುತ್ತದೆ, ಮೆದುವಾಗುತ್ತದೆ, ಥಂಡಿ ನೆಲದಲ್ಲಿಟ್ಟರೆ ಉಸಿರಾಟದ ಕಾಯಿಲೆ ಬರುತ್ತದೆ. ನಮ್ಮ ಹುಡುಗ ಮಾತ್ರ ಗರಿಕೆಯನ್ನೂ ತಂಗಡಿ ಹೂವನ್ನೂ ತಂದು ಹಾಕಿದ್ದ, ಏಕೆಂದರೆ ಅದು ಎಲ್ಲಿ ಏನು ತಿನ್ನುತ್ತಿತ್ತೆಂದು ಅವನು ನೋಡಿದ್ದ.

‘ಬುಸ್’ ಎಂದದ್ದು ಕೋಪದಿಂದಲ್ಲ. ಆಮೆಯ ಚಿಪ್ಪಿನೊಳಗೆ ಹೆಚ್ಚುವರಿ ಜಾಗವಿಲ್ಲ. ತಲೆಯನ್ನೂ ಕಾಲುಗಳನ್ನೂ ರಭಸದಿಂದ ಒಳಗೆಳೆದುಕೊಂಡಾಗ ಶ್ವಾಸಕೋಶದ ಗಾಳಿ ಹೊರಗೆ ಹೋಗಲೇಬೇಕು. ಅದು ಹೆದರಿಕೆಯ ಉಸಿರು. ಚಿಪ್ಪು ಎಂಬುದು ಅದು ಹೊತ್ತು ತಿರುಗುವ ಪೆಟ್ಟಿಗೆಯೆಂದು ನಾವು ತಿಳಿದಿದ್ದೇವೆ, ಆಮೆ–ಮೊಲದ ಕಥೆಯ ಚಿತ್ರಗಳಲ್ಲೂ ಹಾಗೆಯೇ ಬರೆದಿರುತ್ತಾರೆ. ವಾಸ್ತವದಲ್ಲಿ ಅದರ ಬೆನ್ನುಮೂಳೆ ಮತ್ತು ಪಕ್ಕೆಲುಬುಗಳೇ ಬೆಸೆದು ಚಿಪ್ಪಾಗಿವೆ. ಮೇಲೆ ಮುಟ್ಟಿದರೆ ಅದಕ್ಕೆ ತಿಳಿಯುತ್ತದೆ. ಇದನ್ನು ಮಕ್ಕಳಿಗೆ ಹೇಳಿದಾಗ, ಚಿಪ್ಪನ್ನು ಬೆರಳ ಗೆಣ್ಣಿನಿಂದ ತಟ್ಟುತ್ತಿದ್ದ ಒಬ್ಬ ಹುಡುಗಿ ಸರಕ್ಕನೆ ಕೈ ಹಿಂದಕ್ಕೆ ಎಳೆದುಕೊಂಡಳು. ಆ ಗಳಿಗೆಯ ಅವಳ ಮುಖವನ್ನು ನಾನು ಮರೆತಿಲ್ಲ.

ಬ್ಯಾಗಿನೊಳಗೆ ಕನ್ನಡ ಪಠ್ಯಪುಸ್ತಕ ಒದ್ದೆಯಾಗಿತ್ತು. ಹೆದರಿದ ಆಮೆ ಉಚ್ಚೆ ಹೊಯ್ದಿತ್ತು. ಮಕ್ಕಳು ನಕ್ಕರು. ಒಣ ಸೀಮೆಯ ಆಮೆಗಳಿಗೆ ಮೂತ್ರಕೋಶವೆಂದರೆ ನೀರಿನ ಉಗ್ರಾಣವೂ ಹೌದು. ಎತ್ತಿದಾಗ ಬೆದರಿ ಅದನ್ನು ಚೆಲ್ಲಿಬಿಟ್ಟರೆ, ಬೇಸಿಗೆಯಲ್ಲಾದರೆ ಜೀವಕ್ಕೇ ಸಂಚಕಾರ. ಮಣ್ಣು ಗಟ್ಟಿಯಾಗಿದ್ದಾಗ ಹೆಣ್ಣಾಮೆ ಇದೇ ನೀರನ್ನು ಸುರಿದು ನೆಲವನ್ನು ಮೆದುಗೊಳಿಸಿ, ಹಿಂಗಾಲಿನಿಂದ ಗುಂಡಿ ತೋಡಿ ಮೊಟ್ಟೆಯಿಡುತ್ತದೆ. ಇಷ್ಟನ್ನು ಆ ದಿನ ನಾನು ತಿಳಿದಿರಲಿಲ್ಲ, ಆಮೇಲೆ ಓದಿ ತಿಳಿದುಕೊಂಡೆ. ಆ ದಿನ ನಾನೂ ಮಕ್ಕಳ ಜೊತೆ ನಕ್ಕಿದ್ದೆ.

ಮೊದಲ ಎರಡು ಪೀರಿಯಡ್ಡುಗಳಲ್ಲಿ ಬೇರೆ ಪಾಠ ನಡೆಯಲಿಲ್ಲ. ಇಪ್ಪತ್ತಮೂರು ಮಕ್ಕಳು ಮೇಜಿನ ಸುತ್ತ ವೃತ್ತವಾಗಿ ನಿಂತರು. ಸ್ಕೇಲು ಹಿಡಿದು ಉದ್ದ ಅಳೆದೆವು, 17 ಸೆಂಟಿಮೀಟರ್ ಬಂತು. ಅಂಗಳದ ಮೂಲೆಯ ಒಣಹುಲ್ಲಿನ ಮೇಲೆ ಬಿಟ್ಟು ಹತ್ತು ಹೆಜ್ಜೆ ಹಿಂದೆ ಸರಿದು ನೋಡಿದೆವು. ಮೇಜಿನ ಮೇಲೆ ಅಷ್ಟು ಎದ್ದು ಕಾಣುತ್ತಿದ್ದ ಹಳದಿ ಗೆರೆಗಳು ಅಲ್ಲಿ ಹುಲ್ಲಿನ ಕಡ್ಡಿಗಳಲ್ಲಿ ಹುಲ್ಲಿನ ಕಡ್ಡಿಯಾಗಿಹೋದವು. ಕಣ್ಣು ಮಿಟುಕಿಸಿದರೆ ಮತ್ತೆ ಹುಡುಕಬೇಕು. ಇಷ್ಟು ಅಂದದ ಬೆನ್ನು ತೋರಿಸಿಕೊಳ್ಳುವುದಕ್ಕೆ ಇರುವುದಲ್ಲ, ಮರೆಯಾಗುವುದಕ್ಕೆ ಇರುವುದು ಎಂಬುದನ್ನು ನಾನು ಬಾಯಿಬಿಟ್ಟು ಹೇಳಬೇಕಾಗಲಿಲ್ಲ. ಒಬ್ಬ ಹುಡುಗ ತಾನೇ ಹೇಳಿದ. ನಂತರ ಎಲ್ಲರಿಂದಲೂ ಸೋಪು ಹಚ್ಚಿ ಕೈ ತೊಳೆಸಿದೆ. ಇಷ್ಟಾದರೂ ನನಗೆ ತಿಳಿದಿತ್ತು: ಸರೀಸೃಪಗಳ ಮೈಮೇಲೆ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಇರಬಹುದು, ಆಮೆ ಆರೋಗ್ಯವಾಗಿದ್ದರೂ ಮಗುವಿಗೆ ವಾಂತಿಭೇದಿ ಬರಬಹುದು. ಚಿಕ್ಕ ಮಕ್ಕಳು ಪುಟ್ಟ ಆಮೆಗಳನ್ನು ಬಾಯಿಗಿಟ್ಟುಕೊಂಡು ಕಾಯಿಲೆ ಬೀಳುತ್ತಿದ್ದುದರಿಂದ ಅಮೆರಿಕದಲ್ಲಿ ನಾಲ್ಕು ಅಂಗುಲಕ್ಕಿಂತ ಚಿಕ್ಕ ಚಿಪ್ಪಿನ ಆಮೆಗಳನ್ನು ಸಾಕುಪ್ರಾಣಿಗಳಾಗಿ ಮಾರುವುದನ್ನು 1975ರಲ್ಲೇ ನಿಷೇಧಿಸಿದ್ದಾರೆ. ಬಿಸಿಯೂಟಕ್ಕೆ ಕುಳಿತುಕೊಳ್ಳುವ ಮಕ್ಕಳ ಕೈ ವಿಷಯದಲ್ಲಿ ಅಲಕ್ಷ್ಯ ಸಲ್ಲದು.

ಆ ಎರಡು ಗಂಟೆಗಳಲ್ಲಿ ನಾನು ಮಾಡಿದ ಒಂದು ತಪ್ಪನ್ನು ಇಲ್ಲಿ ಹೇಳಲೇಬೇಕು. ಆಮೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ನಿಂತ ಹುಡುಗನ ಫೋಟೋ ತೆಗೆದು, ಶಿಕ್ಷಕರ ವಾಟ್ಸಾಪ್ ಗುಂಪಿಗೆ ಹಾಕಿದೆ. ‘ನಮ್ಮ ಶಾಲೆಯ ಹೊಸ ವಿದ್ಯಾರ್ಥಿ’ ಎಂದು ಕೆಳಗೆ ಬರೆದೆ. ಆ ಗುಂಪಿನಿಂದ ಅದು ಇನ್ನೊಂದಕ್ಕೆ ಹೋಯಿತು, ಅಲ್ಲಿಂದ ಮತ್ತೆಲ್ಲಿಗೋ. ಮಾರನೆಯ ಬೆಳಿಗ್ಗೆ, ಶಾಲೆಯ ಗೇಟಿನ ಬಳಿ ಬೈಕಿನಲ್ಲಿ ಬಂದ ಅಪರಿಚಿತನೊಬ್ಬ ಹುಡುಗನ ಮನೆ ಎಲ್ಲಿ ಎಂದು ಒಂದನೆಯ ತರಗತಿಯ ಮಗುವನ್ನು ವಿಚಾರಿಸುತ್ತಿದ್ದ. ಹುಡುಗ ಎದುರಿಗೇ ಸಿಕ್ಕಿದನಾದ್ದರಿಂದ ಅವನ ಜೊತೆಯೇ ಮಾತಿಗೆ ಇಳಿದ. ಆಮೆ ಕೊಟ್ಟರೆ ಇಷ್ಟು ಹಣ ಕೊಡುತ್ತೇನೆ, ಇನ್ನೂ ಹುಡುಕಿ ತಂದರೆ ಒಂದೊಂದಕ್ಕೂ ಇಷ್ಟು ಎಂದು ಅವನು ಹೇಳಿದ ಮೊತ್ತ ಹುಡುಗನ ತಂದೆಯ ನಾಲ್ಕು ದಿನದ ಕೂಲಿಗೆ ಸಮವಾಗಿತ್ತು. ಮುಖ್ಯ ಶಿಕ್ಷಕರು ಹೊರಗೆ ಬಂದು ಗದರಿಸುತ್ತಿದ್ದಂತೆಯೇ ಬೈಕು ಹೊರಟುಹೋಯಿತು. ನಂಬರು ಬರೆದುಕೊಳ್ಳಬೇಕೆಂಬ ಬುದ್ಧಿ ನಮಗೆ ಯಾರಿಗೂ ಬರಲಿಲ್ಲ.

ಆ ರಾತ್ರಿ ನಾನು ಓದಿದ್ದನ್ನೆಲ್ಲ ಈಗ ಒಟ್ಟಿಗೆ ಇಟ್ಟು ನೋಡಿದರೂ ಮನಸ್ಸು ಭಾರವಾಗುತ್ತದೆ. ನಕ್ಷತ್ರ ಆಮೆ ಇರುವುದು ಮೂರು ಕಡೆ ಮಾತ್ರ: ವಾಯವ್ಯ ಭಾರತ ಮತ್ತು ಅದಕ್ಕೆ ತಾಗಿದ ಪಾಕಿಸ್ತಾನ, ಕರ್ನಾಟಕವೂ ಸೇರಿದ ದಕ್ಷಿಣ ಭಾರತ, ಶ್ರೀಲಂಕಾ. ಆದರೆ ಸಾಕುಪ್ರಾಣಿಯಾಗಿ ಅದಕ್ಕೆ ಬೇಡಿಕೆ ಇರುವುದು ಬಹುದೂರದ ನಗರಗಳಲ್ಲಿ. ಭಾರತದ ಒಂದೇ ಒಂದು ಸಂಗ್ರಹ ಪ್ರದೇಶದಿಂದ ವರ್ಷಕ್ಕೆ ಕನಿಷ್ಠ 55,000 ಆಮೆಗಳನ್ನು ಹಿಡಿದು ಸಾಗಿಸಲಾಗುತ್ತಿದೆ ಎಂದು 2015ರಲ್ಲಿ ಪ್ರಕಟವಾದ ಅಧ್ಯಯನವೊಂದು ಲೆಕ್ಕ ಹಾಕಿದೆ. ಹಿಡಿಯುವವರು ಬೇರೆ ಯಾರೂ ಅಲ್ಲ, ಕುರಿ ಮೇಯಿಸುವವರು, ಸೌದೆಗೆ ಹೋಗುವವರು, ಹೊಲದಲ್ಲಿ ಕೂಲಿ ಮಾಡುವವರು. ಅವರ ಕೈಗೆ ಬರುವುದು ಒಂದಷ್ಟು ನೋಟು. ಆಮೇಲೆ ಟೇಪು ಸುತ್ತಿ ಕಾಲು ಆಡದಂತೆ ಮಾಡಿ, ಬಟ್ಟೆಗಳ ನಡುವೆ ಸೂಟ್‌ಕೇಸಿನಲ್ಲಿ ಅಡಕಿ, ವಿಮಾನ ಹತ್ತಿಸುತ್ತಾರೆ. ಬೆಂಗಳೂರು, ಚೆನ್ನೈ ವಿಮಾನ ನಿಲ್ದಾಣಗಳಲ್ಲಿ ಹೀಗೆ ನೂರಾರು ಆಮೆಗಳು ಸಿಕ್ಕಿಬಿದ್ದ ಸುದ್ದಿಗಳನ್ನು ನಾವು ಓದುತ್ತಲೇ ಇರುತ್ತೇವೆ. 2018ರ ನವೆಂಬರಿನಲ್ಲಿ ಸಿಂಗಪುರದಲ್ಲಿ ರಕ್ಷಿಸಲಾಗಿದ್ದ 51 ನಕ್ಷತ್ರ ಆಮೆಗಳನ್ನು ವಿಮಾನದಲ್ಲಿ ಬೆಂಗಳೂರಿಗೆ ಮರಳಿ ತಂದರು. ತೆವಳುವ ಒಂದು ಜೀವ, ಹುಟ್ಟಿದ ಬಂಡೆಯ ಸುತ್ತಲಿನ ಒಂದಷ್ಟು ನೆಲವೇ ಜಗತ್ತಾಗಿರುವ ಜೀವ, ಎರಡು ಸಲ ಸಮುದ್ರ ದಾಟುವಂತಾಯಿತು.

ಇದನ್ನು ಮನೆಯಲ್ಲಿಟ್ಟುಕೊಂಡರೆ ಅದೃಷ್ಟ ಎಂಬ ನಂಬಿಕೆಯೂ ಈ ವ್ಯಾಪಾರಕ್ಕೆ ಗೊಬ್ಬರ. ನನ್ನ ಮಟ್ಟಿಗೆ ಇದು ಹೊಸ ನಂಬಿಕೆ. ಆಮೆ ಹೊಕ್ಕ ಮನೆ, ಅಮೀನ ಹೊಕ್ಕ ಮನೆ ಉದ್ಧಾರವಾಗದು ಎಂಬ ಗಾದೆ ಗಡಿಯಾಚೆಯ ತಮಿಳಿನವರಲ್ಲಿ ಬಳಕೆಯಲ್ಲಿದೆ, ನಮ್ಮ ಕಡೆಯ ಹಿರಿಯರ ಬಾಯಲ್ಲೂ ಅದನ್ನು ಕೇಳಿದ್ದೇನೆ. ಜಪ್ತಿಗೆ ಬರುವ ಅಮೀನನ ಸಾಲಿಗೆ ಆಮೆಯನ್ನು ಸೇರಿಸಿದ್ದು ಆಮೆಗೆ ಮಾಡಿದ ಅನ್ಯಾಯವೇ ಇರಬಹುದು, ಆದರೆ ಆ ಮಾತು ಅದನ್ನು ಮನೆಯ ಹೊರಗೆ ಉಳಿಸಿತ್ತು. ಹುಡುಗನ ಅಜ್ಜಿಯೂ ಮೊದಲ ದಿನವೇ ಅದನ್ನು ಒಳಗೆ ಬಿಟ್ಟುಕೊಳ್ಳದೆ ಕುರಿದೊಡ್ಡಿಯಲ್ಲಿಡಲು ಹೇಳಿದ್ದರಂತೆ. “ಎಲ್ಲಿಂದ ತಂದಿಯೋ ಅಲ್ಲೇ ಬಿಟ್ಟು ಬಾರೋ” ಎಂದು ಒಂಬತ್ತು ದಿನವೂ ಹೇಳಿದ್ದವರು ಆ ಮನೆಯಲ್ಲಿ ಅವರೊಬ್ಬರೇ.

ಕಾನೂನು ಇನ್ನೂ ಕಠಿಣವಾಗಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ನಕ್ಷತ್ರ ಆಮೆ ಬಹುಕಾಲ ಕಡಿಮೆ ರಕ್ಷಣೆಯ ನಾಲ್ಕನೆಯ ಅನುಸೂಚಿಯಲ್ಲಿತ್ತು. 2019ರ ಆಗಸ್ಟಿನಲ್ಲಿ ಜಿನೀವಾದಲ್ಲಿ ನಡೆದ ಸೈಟಿಸ್ (ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಒಪ್ಪಂದ) ಸಮ್ಮೇಳನವು ಅದರ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಷೇಧಿಸುವ ಮೊದಲ ಅನುಬಂಧಕ್ಕೆ ಅದನ್ನು ಏರಿಸಿತು. ಆ ಪ್ರಸ್ತಾವವನ್ನು ಮುಂದಿಟ್ಟವರಲ್ಲಿ ಭಾರತವೂ ಇತ್ತು. ನಮ್ಮ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿ 2023ರ ಏಪ್ರಿಲ್ 1ರಂದು ಜಾರಿಗೆ ಬಂದಾಗ ಅದು ಹುಲಿ, ಆನೆಗಳಿರುವ ಮೊದಲನೆಯ ಅನುಸೂಚಿಗೆ ಸೇರಿತು. ಹಿಡಿದವರಿಗೆ, ಇಟ್ಟುಕೊಂಡವರಿಗೆ ಮೂರರಿಂದ ಏಳು ವರ್ಷದವರೆಗೆ ಸೆರೆವಾಸ. ಅಂದರೆ ನನ್ನ ಮೇಜಿನ ಮೇಲೆ ಆ ಆಮೆ ಕುಳಿತ ದಿನಕ್ಕೆ ಹೊಸ ಕಾನೂನು ಬಂದು ಮೂರು ತಿಂಗಳಷ್ಟೇ ಆಗಿತ್ತು, ಮತ್ತು ಅದನ್ನು ಎತ್ತಿ ಹಿಡಿದು ನಿಂತ ಹುಡುಗನ ಮುಖ ಸ್ಪಷ್ಟವಾಗಿ ಕಾಣುವ ಚಿತ್ರ ಎಷ್ಟು ಫೋನುಗಳಲ್ಲಿತ್ತೋ ನನಗೆ ಗೊತ್ತಿರಲಿಲ್ಲ.

ಬೆಳಿಗ್ಗೆ ಮುಖ್ಯ ಶಿಕ್ಷಕರೊಂದಿಗೆ ಮಾತನಾಡಿ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿದೆವು. ಅಷ್ಟು ಹೊತ್ತಿಗೆ ಎಸ್‌ಡಿಎಂಸಿಯ (ಶಾಲಾಭಿವೃದ್ಧಿ ಸಮಿತಿಯ) ಸದಸ್ಯರೊಬ್ಬರಿಗೆ ವಿಷಯ ತಿಳಿದು, ಅವರು ಹುಡುಗನ ತಂದೆಯನ್ನು ಕರೆದುಕೊಂಡು ಬಂದರು. ತಂದೆ ಬಂದವರೇ ನನ್ನೆದುರು ಕೈ ಜೋಡಿಸಿದರು. “ಹುಡುಗ ತಿಳೀದೆ ಮಾಡಿದಾನೆ ಮೇಡಮ್ಮೋರೆ, ಕೇಸು ಗೀಸು ಬೇಡ” ಎಂದರು. ನನಗಿಂತ ಹಿರಿಯರು, ನಾಚಿಕೆಯಿಂದ ನನ್ನ ತಲೆ ತಗ್ಗಿತು. ಚಿತ್ರ ಹಂಚಿದವಳು ನಾನು, ಕೈ ಜೋಡಿಸಿ ನಿಂತವರು ಅವರು.

ಹುಡುಗ ಗೋಡೆಗೆ ಒರಗಿ ಎಲ್ಲವನ್ನೂ ಕೇಳುತ್ತಿದ್ದ. ಎಲ್ಲರೂ ಸುಮ್ಮನಾದ ಮೇಲೆ ನನ್ನ ಹತ್ತಿರ ಬಂದು, “ನಾನು ಕಳ್ಳನಾ ಮಿಸ್?” ಎಂದು ಕೇಳಿದ.

ಇಪ್ಪತ್ತು ವರ್ಷದ ನೌಕರಿಯಲ್ಲಿ ಮಕ್ಕಳು ಕೇಳಿದ ಪ್ರಶ್ನೆಗಳಲ್ಲಿ ಇಷ್ಟು ಕಷ್ಟದ್ದು ಮತ್ತೊಂದಿಲ್ಲ. ನೀನು ಕಳ್ಳನಲ್ಲ ಎಂದಷ್ಟೇ ಹೇಳಿದರೆ, ಹಾಗಾದರೆ ಇದನ್ನು ನನ್ನ ಬಳಿಯೇ ಏಕೆ ಬಿಡುವುದಿಲ್ಲ ಎಂದು ಅವನು ಕೇಳುತ್ತಾನೆ. ಕಾನೂನು ಹೇಳಿದರೆ, ಅವನ ಪ್ರೀತಿಗೆ ಅಪರಾಧದ ಹೆಸರು ಬರುತ್ತದೆ. ನನಗೆ ನನ್ನದೇ ಬಾಲ್ಯದ ಒಂದು ಬೆಂಕಿಪೊಟ್ಟಣ ನೆನಪಾಯಿತು. ಮುಂಗಾರಿನಲ್ಲಿ ಜಾಲಿಮರಗಳ ಮೇಲೆ ಬರುವ ಜೀರ್ಜಿಂಬೆಗಳನ್ನು ಹಿಡಿದು, ಜಾಲಿಯ ಸೊಪ್ಪಿನೊಂದಿಗೆ ಬೆಂಕಿಪೊಟ್ಟಣದಲ್ಲಿಟ್ಟು ಸಾಕುವುದು ನಮ್ಮ ಸೀಮೆಯ ಮಕ್ಕಳೆಲ್ಲರೂ ಮಾಡುತ್ತಿದ್ದ ಕೆಲಸ. ಬಿಸಿಲಿಗೆ ಹಿಡಿದರೆ ಹಸಿರು, ಓರೆಯಾಗಿಸಿದರೆ ನೀಲಿ, ಮತ್ತೊಂದು ಮಗ್ಗುಲಿಗೆ ತಾಮ್ರದ ಬಣ್ಣ. ಮೂರನೆಯ ತರಗತಿಯಲ್ಲಿ ನನ್ನದನ್ನು ಪಾಠದ ನಡುವೆ ಪೊಟ್ಟಣ ತೆರೆದು ನೋಡಿದೆನೆಂದು ಅಂದಿನ ಗುರುಗಳು ಅದನ್ನು ಕಸಿದು ಕಿಟಕಿಯಾಚೆ ಎಸೆದರು. ಹುಳು ಹಾರಿಹೋಗಿರಬಹುದು, ಅದಕ್ಕೆ ಒಳ್ಳೆಯದೇ ಆಗಿರಬಹುದು. ಆದರೆ ಅದರ ಕಣ್ಣು ಹೇಗಿದೆ, ಅದು ಸೊಪ್ಪನ್ನು ಅಂಚಿನಿಂದ ತಿನ್ನುತ್ತದೆಯೋ ನಡುವಿನಿಂದ ತಿನ್ನುತ್ತದೆಯೋ ಎಂದು ನಾನು ನೋಡಿಟ್ಟುಕೊಂಡಿದ್ದನ್ನು ಹೇಳಲು ಸಿಕ್ಕ ಒಂದೇ ಅವಕಾಶ ಆ ಕಿಟಕಿಯಿಂದ ಹೊರಗೆ ಹೋಯಿತು. ಮಗು ಪ್ರಾಣಿಯನ್ನು ಶಾಲೆಗೆ ತರುವುದು ಮೆರೆಯುವುದಕ್ಕೆ ಎಂದು ದೊಡ್ಡವರು ತಿಳಿಯುತ್ತಾರೆ. ನನ್ನ ಅನುಭವದಲ್ಲಿ ಹಾಗಲ್ಲ. ತನಗೆ ಮಾತ್ರ ಗೊತ್ತಿರುವುದೊಂದನ್ನು, ತನಗಿಂತ ಹೆಚ್ಚು ಗೊತ್ತಿದೆ ಎಂದು ನಂಬಿದವರ ಮುಂದೆ ಇಡುವುದಕ್ಕೆ ತರುತ್ತದೆ.

“ನೀನು ಕಳ್ಳನಲ್ಲ. ಆದರೆ ನಿನ್ನೆ ಬೈಕಿನಲ್ಲಿ ಬಂದವನು ಕಳ್ಳ” ಎಂದೆ. “ಅವನಿಗೂ ನನಗೂ ಏನು ವ್ಯತ್ಯಾಸ ಅಂತ ಆಮೆಗೆ ಹೇಗೆ ಗೊತ್ತಾಗತ್ತೆ?” ಎಂದು ಅವನೇ ಕೇಳಿ, ಅವನೇ ಸ್ವಲ್ಪ ಹೊತ್ತು ಯೋಚಿಸಿ, “ಅದು ನನ್ನ ನೋಡಿದಾಗಲೂ ಬುಸ್ ಅಂತದೆ” ಎಂದ. ಆ ಮಾತಿಗೆ ನಾನು ಏನನ್ನೂ ಸೇರಿಸಲಿಲ್ಲ.

ಮಧ್ಯಾಹ್ನ ಇಬ್ಬರು ಬಂದರು, ಉಪ ವಲಯ ಅರಣ್ಯಾಧಿಕಾರಿ ಮತ್ತು ನಮ್ಮ ಕಡೆಯ ಗಸ್ತಿನ ಗಾರ್ಡು. ನಾನು ಹೆದರಿದ ಹಾಗೆ ಆಗಲಿಲ್ಲ. ಮಗು ಹಿಡಿದು ಶಾಲೆಗೆ ತಂದಿದ್ದನ್ನು ಶಾಲೆಯವರೇ ಕರೆದು ಒಪ್ಪಿಸಿದ್ದಾರೆ ಎಂದು ಬರೆದುಕೊಂಡು, ತಂದೆಗೆ ಧೈರ್ಯ ಹೇಳಿದರು. ಗಾರ್ಡು ನೆಲದ ಮೇಲೆ ಕುಳಿತು ಆಮೆಯನ್ನು ಮೆಲ್ಲಗೆ ಓರೆ ಮಾಡಿ ತಳಭಾಗವನ್ನು ಮಕ್ಕಳಿಗೆ ತೋರಿಸಿದರು. ಗಂಡಿನ ತಳ ಸ್ವಲ್ಪ ಒಳಗೆ ತಗ್ಗಾಗಿರುತ್ತದೆ, ಬಾಲ ಉದ್ದ; ಇದರದು ಸಮತಟ್ಟು, ಬಾಲ ಗಿಡ್ಡ, ಆದ್ದರಿಂದ ಹೆಣ್ಣು. ಒಂದು ಹೆಣ್ಣಾಮೆಯನ್ನು ಬೆಟ್ಟದಿಂದ ತೆಗೆದರೆ ಅದು ಮುಂದಿನ ಎಷ್ಟೋ ಮಳೆಗಾಲಗಳಲ್ಲಿ ಇಡುವ ಮೊಟ್ಟೆಗಳನ್ನೂ ತೆಗೆದಂತೆ ಎಂದು ಅವರು ಹೇಳಿದ್ದು ಮಕ್ಕಳಿಗೆ ತಟ್ಟಿತು. ಆಮೆಗಳಿಗೆ ಮರಿಗಳನ್ನು ಸಾಕುವ ರೂಢಿಯಿಲ್ಲ. ಮಣ್ಣಿನಲ್ಲಿಟ್ಟ ಕೆಲವೇ ಮೊಟ್ಟೆಗಳು ತಿಂಗಳುಗಟ್ಟಲೆ ಅಲ್ಲಿಯೇ ಇದ್ದು, ನರಿ, ಮುಂಗುಸಿ, ಉಡಗಳ ಬಾಯಿಂದ ತಪ್ಪಿಸಿಕೊಂಡು ಒಡೆಯಬೇಕು. ಒಡೆದು ಹೊರಬಂದ ಮರಿ ಬೆಂಕಿಪೊಟ್ಟಣಕ್ಕಿಂತಲೂ ಚಿಕ್ಕದು. ಹೆಣ್ಣೊಂದು ಬಲಿತು ಮೊಟ್ಟೆಯಿಡುವಂತಾಗಲು ವರ್ಷಗಳೇ ಬೇಕು. ದಶಕಗಟ್ಟಲೆ ಬದುಕುವ ಜೀವಿಗೆ ನಿಧಾನವೇ ರೀತಿ, ಆ ನಿಧಾನಕ್ಕೆ ಬೈಕಿನಲ್ಲಿ ಬಂದವನ ವೇಗ ಹೊಂದುವುದಿಲ್ಲ.

ಹಿಡಿದ ಜಾಗ ಖಚಿತವಾಗಿ ತಿಳಿದಿದ್ದು ದೊಡ್ಡ ಪುಣ್ಯ. ವಿಮಾನ ನಿಲ್ದಾಣಗಳಲ್ಲಿ ಸಿಕ್ಕಿಬಿದ್ದ ಆಮೆಗಳನ್ನು ಹಾಗೆಯೇ ಯಾವುದೋ ಕಾಡಿಗೆ ಬಿಡಲಾಗುವುದಿಲ್ಲ. ವಾಯವ್ಯದ ಆಮೆಗಳಿಗೂ ದಕ್ಷಿಣದವಕ್ಕೂ ವಂಶವಾಹಿಗಳಲ್ಲಿ ವ್ಯತ್ಯಾಸವಿದೆ. ಒಂದೇ ಸೂಟ್‌ಕೇಸಿನಲ್ಲಿ ಬೇರೆ ಬೇರೆ ಕಡೆಯವು ಸೇರಿಕೊಂಡಿರಬಹುದು. ಒಂದರ ಕಾಯಿಲೆ ಇನ್ನೊಂದಕ್ಕೆ ಅಂಟಿ, ಅದು ಕಾಡಿನ ಆಮೆಗಳಿಗೂ ಹರಡಬಹುದು. ಹಾಗಾಗಿ ಎಷ್ಟೋ ಆಮೆಗಳು ರಕ್ಷಣಾ ಕೇಂದ್ರಗಳಲ್ಲೇ ಉಳಿದುಬಿಡುತ್ತವೆ. ನಮ್ಮದರ ಊರು, ಬಂಡೆ, ಕಳ್ಳಿಯ ಗಿಡ ಎಲ್ಲವೂ ಹುಡುಗನಿಗೆ ಗೊತ್ತಿತ್ತು. ಬೇರೆ ಆಮೆಗಳ ಜೊತೆ ಅದು ಸೇರಿರಲಿಲ್ಲ. ಪಶುವೈದ್ಯರಿಂದ ಪರೀಕ್ಷೆ ಮಾಡಿಸಿ, ಮೂರು ದಿನ ನೋಡಿ, ಅಲ್ಲಿಯೇ ಬಿಡುವುದೆಂದು ತೀರ್ಮಾನವಾಯಿತು. ಬಿಡುವಾಗ ಹುಡುಗನೂ ಇರಲಿ ಎಂದು ಗಾರ್ಡು ತಾವಾಗಿಯೇ ಹೇಳಿದರು. ಅವರಿಗೆ ನಾನು ಇಂದಿಗೂ ಋಣಿ.

ಶನಿವಾರ ಬೆಳಗಿನ ಶಾಲೆ ಮುಗಿಸಿ, ಬಿಸಿಲು ತಗ್ಗಿದ ಮೇಲೆ ಹೋದೆವು. ಹುಡುಗ, ಅವನ ಅಜ್ಜಿ, ಗಾರ್ಡು, ನಾನು. ನೀಲಗಿರಿ ತೋಪು ದಾಟುವವರೆಗೆ ನೆಲದಲ್ಲಿ ಹುಲ್ಲಿನ ಎಸಳೂ ಇರಲಿಲ್ಲ, ಬರೀ ಒಣ ಎಲೆ. ತೋಪು ಮುಗಿದ ಮೇಲೆ ಬಂದರಿಕೆ, ತಂಗಡಿ, ಕಾರೆ, ಅಲ್ಲಲ್ಲಿ ಸೀತಾಫಲ. ನಡುನಡುವೆ ಗುಂಡು ಬಂಡೆಗಳು. ಪಾಳುಬಿದ್ದ ಜಾಗವೆಂದು ಜನ ಕರೆಯುವ, ಯಾರು ಬೇಕಾದರೂ ಮಣ್ಣು ತೆಗೆಯಬಹುದೆಂದು ತಿಳಿದಿರುವ ಗೋಮಾಳವದು. ಬಂಡೆಯ ಹತ್ತಿರ ಬಂದಾಗ ಹುಡುಗ ನಿಂತು, ಎಡಗಡೆಯ ಕಳ್ಳಿಯನ್ನು ತೋರಿಸಿದ. ಗಾರ್ಡು ಪೆಟ್ಟಿಗೆಯನ್ನು ಅವನ ಕೈಗೇ ಕೊಟ್ಟರು.

ಅವನು ಅದನ್ನು ಕೆಳಗಿಟ್ಟ. ಕೂಡಲೇ ಅದು ಹೊರಡಲಿಲ್ಲ. ಸುಮಾರು ಹತ್ತು ನಿಮಿಷ ನಾವು ಯಾರೂ ಮಾತನಾಡದೆ ಕುಳಿತೆವು. ಮೊದಲು ಮೂಗಿನ ತುದಿ ಕಂಡಿತು, ಆಮೇಲೆ ಒಂದು ಕಣ್ಣು. ಮುಂಗಾಲನ್ನು ಹೊರಗಿಟ್ಟು ಮಣ್ಣನ್ನು ಒತ್ತಿ ನೋಡಿತು. ಆಮೇಲೆ ಚಿಪ್ಪನ್ನು ನೆಲದಿಂದ ಮೇಲಕ್ಕೆ ಎತ್ತಿ, ನಾವು ಅಲ್ಲಿ ಇಲ್ಲವೇ ಇಲ್ಲವೆಂಬಂತೆ, ಬಂಡೆಯ ನೆರಳಿನ ಕಡೆಗೆ ನಡೆಯಿತು. ಹದಿನೈದು ಹೆಜ್ಜೆಯಷ್ಟು ದೂರ ಹೋಗುವವರೆಗೆ ಕಾಣುತ್ತಿತ್ತು. ಅಜ್ಜಿ ಸೆರಗಿನಿಂದ ಕಣ್ಣು ಒರೆಸಿಕೊಂಡು ಮೊಮ್ಮಗನ ಕಡೆ ತಿರುಗಿ ಏನೋ ಹೇಳಲು ಹೋದರು. ಮತ್ತೆ ನೋಡುವಷ್ಟರಲ್ಲಿ ಅಲ್ಲಿ ಹುಲ್ಲು ಮಾತ್ರ ಇತ್ತು.

ಮಕ್ಕಳು ಶಾಲೆಗೆ ಪ್ರಾಣಿಗಳನ್ನು ತರಬಾರದು ಎಂದು ಆ ಬಳಿಕ ಒಂದು ಸೂಚನೆ ಹೊರಡಿಸಬೇಕೆಂಬ ಮಾತು ಬಂತು. ನಾನು ಒಪ್ಪಲಿಲ್ಲ. ಗಿಳಿ, ಅಳಿಲು, ಆಮೆ, ಮುಂಗುಸಿ ಇವನ್ನು ಹಿಡಿಯಲೂಬಾರದು, ಸಾಕಲೂಬಾರದು ಎಂಬುದನ್ನು ಮಕ್ಕಳಿಗೂ ತಂದೆತಾಯಿಯರಿಗೂ ಸ್ಪಷ್ಟವಾಗಿ ತಿಳಿಸಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕುರಿಮರಿ ತಂದವನನ್ನು, ರೇಷ್ಮೆಹುಳುವಿನ ತಟ್ಟೆಯಿಂದ ಎರಡು ಹುಳು ಎತ್ತಿಕೊಂಡು ಬಂದವಳನ್ನು ಗೇಟಿನಲ್ಲೇ ತಡೆದರೆ, ನಮ್ಮ ಮಕ್ಕಳಿಗೆ ನಿಜವಾಗಿ ಗೊತ್ತಿರುವ ವಿಷಯಗಳೆಲ್ಲ ಗೇಟಿನ ಹೊರಗೇ ಉಳಿಯುತ್ತವೆ. ಕಾಡಿನ ಪ್ರಾಣಿಯಾದರೆ ಅದನ್ನು ತರಬೇಡಿ, ನೋಡಿದ್ದನ್ನು ತನ್ನಿ ಎಂದೆ. ತರಗತಿಗೆ ಇನ್ನೂರು ಪುಟದ ಒಂದು ನೋಟ್‌ಬುಕ್ ತಂದು ಕಿಟಕಿಯ ಹತ್ತಿರ ದಾರದಲ್ಲಿ ಕಟ್ಟಿದೆ. ದಿನ, ಜಾಗ, ಏನು ಕಂಡಿತು, ಅದು ಏನು ಮಾಡುತ್ತಿತ್ತು, ಇಷ್ಟನ್ನು ಬರೆಯಬೇಕು. ಕಾಗುಣಿತ ನಾನು ತಿದ್ದುವುದಿಲ್ಲ ಎಂದು ಮಾತು ಕೊಟ್ಟೆ. ನಕ್ಷತ್ರ ಆಮೆ ಕಂಡರೆ ಮಾತ್ರ ಜಾಗದ ಹೆಸರು ಬರೆಯುವುದು ಬೇಡ, ನನಗೆ ಬಾಯಲ್ಲಿ ಹೇಳಿ ಎಂದೆ. ಫೋಟೋದಿಂದ ಕಲಿತ ಪಾಠ ಅದು. ಗುಂಪಿನಲ್ಲಿದ್ದ ಆ ಚಿತ್ರವನ್ನು ಅಂದೇ ಅಳಿಸಿದ್ದೆ, ಆದರೆ ನನ್ನ ಕೈ ದಾಟಿ ಹೋದದ್ದನ್ನು ಅಳಿಸುವುದು ನನ್ನ ಕೈಯಲ್ಲಿರಲಿಲ್ಲ.

ಹುಡುಗ ಏಳನೆಯ ತರಗತಿ ಮುಗಿಸಿ ಪಟ್ಟಣದ ಪ್ರೌಢಶಾಲೆಗೆ ಹೋದ. ಗೋಮಾಳದ ಒಂದು ಬದಿಯಲ್ಲಿ ಈಗ ಅಳತೆಯ ಕಲ್ಲುಗಳನ್ನು ನೆಟ್ಟಿದ್ದಾರೆ. ನೋಟ್‌ಬುಕ್ ತುಂಬಿದೆ, ಎರಡನೆಯದನ್ನು ಕಟ್ಟಿದ್ದೇನೆ. ಮೊದಲನೆಯದು, ಮೂಲೆಯಲ್ಲಿ ಕಂದು ಕಲೆಯಿರುವ ಅವನ ಹಳೆಯ ಕನ್ನಡ ಪುಸ್ತಕದ ಜೊತೆ, ನನ್ನ ಬೀರುವಿನಲ್ಲಿದೆ. ಅದರಲ್ಲಿ ಅವನ ಕೈಬರಹದ ಪುಟಗಳೇ ಹೆಚ್ಚು. ಕೊನೆಯದು ಹೀಗಿದೆ: “ನೆನ್ನೆ ಮಳೆ ಬಂತು. ಬೆಳಿಗ್ಗೆ ಹೋಗಿದ್ದೆ. ಬಂಡೆ ಸುತ್ತ ನೋಡಿದೆ. ಕಾಣಲಿಲ್ಲ. ಕಳ್ಳಿ ಹಣ್ಣು ಮೂರು ಬಿದ್ದಿದ್ದವು. ಒಂದು ಅರ್ಧ ತಿಂದಿತ್ತು. ಹಕ್ಕಿ ತಿಂದಿದ್ದೋ ಅದು ತಿಂದಿದ್ದೋ ಗೊತ್ತಾಗಲಿಲ್ಲ.”